ಹಳೆಯ ಮೋಟಾರಿನೊಳಗೆ ಮಳೆಯ ನೀರು

ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಒಂದು ಸಂಗತಿಯು ಚೆನ್ನಾಗಿ ತಿಳಿದಿರುವುದು. ಮಳೆಗಾಲದಲ್ಲಿ ನಡುಮನೆಯ ಮಧ್ಯದಲ್ಲಿ ತೊಟ್ಟಿಕ್ಕುವ ನೀರು ಆ ಸ್ಥಳದ ನೇರಕ್ಕೇ ಮೇಲಿನಿಂದ ಇಳಿದುದಾಗಿರುವುದಿಲ್ಲ. ಮಾಳಿಗೆಯ ಮಣ್ಣು ಎಲ್ಲಿಯೋ ಒಂದು ಮೂಲೆಯಲ್ಲಿ ಬಿರಿದಿರುವುದು. ಅಲ್ಲಿ ಇಳಿದ ನೀರು ಜಂತೆಯನ್ನು ಹಿಡಿದು, ತೊಲೆಯನ್ನು ಸೇರಿ, ಅದರ ಮಗ್ಗುಲಲ್ಲಿಯೇ ಹರಿದು, ತನಗೆ ಇಷ್ಟ ಬಂದ ಕಡೆಯಲ್ಲಿ ಬೀಳುವುದು. ಮನೆಯ ಯಜಮಾನಿಯು ಅಲ್ಲಿ ಒಂದು ತಪ್ಪಲೆಯನ್ನಿಡುವಳು. ಯಜಮಾನನು ಮರುದಿನ ಮಾಳಿಗೆಯನ್ನು ಹತ್ತಿ, ತಪ್ಪಲೆಯ ನೇರಕ್ಕೆ ನಾಲ್ಕು ಬುಟ್ಟಿ ಕರಲನ್ನು ಹರವಿ, ಕೆಲಸವಾಯಿತೆಂದು ಇಳಿದು ಬರುವನು. ಮುಂದಿನ ಮಳೆಗೆ ತಪ್ಪಲೆಯು ಮತ್ತೆ ಅದೇ ಜಾಗಕ್ಕೆ ಬರುವುದು.

ಹಳೆಯ ಮೋಟಾರು ಗಾಡಿಗಳೊಳಕ್ಕೆ ಮಳೆಯ ನೀರು ಸೇರುವ ಬಗೆಯೂ ಇದೇ. ಕಾಲಡಿಯ ಮ್ಯಾಟು ಒದ್ದೆಯಾಗಿದೆಯೆಂದರೆ ನೀರು ಅಲ್ಲಿ ನಿಂತಿದೆಯೆಂದಷ್ಟೇ ಅರ್ಥ. ಅಲ್ಲಿಯೇ ಹೊಕ್ಕಿತೆಂದು ಅರ್ಥವಲ್ಲ. ತಲೆಯ ಮೇಲಿನ ತಗಡಿನ ಅಂಚಿನಲ್ಲಿ ಒಳಬಿದ್ದ ಹನಿಯು ಕಂಬದ ಹಿಂದೆ ಗುಟ್ಟಾಗಿ ಇಳಿದು, ಕೊನೆಗೆ ಪಾದದ ಕೆಳಗೆ ಕಾಣಿಸಿಕೊಳ್ಳುವುದು. ಕಾಣಿಸಿದ ಕಡೆಯಲ್ಲೆಲ್ಲ ಮೇಣವನ್ನು ಮೆತ್ತುತ್ತ ಹೋಗುವವರು ಹಣವನ್ನು ಕಳೆದುಕೊಳ್ಳುವರಲ್ಲದೆ ನೀರನ್ನು ತಡೆಯಲಾರರು.

ಬಯಲುಸೀಮೆಯವರಾದ ನಮಗೆ ಮಳೆಯ ತಾಪತ್ರಯವೆಲ್ಲಿಯದು ಎಂದು ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ವಾಚಕರು ನಗಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರು ಮಳೆ ಸುರಿದರೆ, 1939ರ ಅರಣ್ಯ ಸತ್ಯಾಗ್ರಹದಿಂದ ಹೆಸರಾದ ನಮ್ಮ ತುರುವನೂರಿನ ಸುತ್ತಣ ಸೀಮೆಗೆ 600 ಮಿಲಿಮೀಟರು ಬಿದ್ದರೆ ಅದೇ ಭಾಗ್ಯ. ಆದರೆ ವಿಚಾರಿಸಿ ನೋಡಿದರೆ ಈ ಒಣ ಸೀಮೆಯ ಗಾಡಿಗಳೇ ಮಳೆಗೆ ಹೆಚ್ಚು ಸುಲಭವಾಗಿ ಸೋಲುತ್ತವೆ. ಮಲೆನಾಡಿನವನ ಗಾಡಿಯು ಸೋರುವುದಾದರೆ ಜೂನ್ ತಿಂಗಳ ಮೊದಲ ವಾರದಲ್ಲಿಯೇ ಅದು ಅವನಿಗೆ ತಿಳಿಯುವುದು. ದಿನವೂ ಪರೀಕ್ಷೆ ನಡೆಯುತ್ತಲೇ ಇರುವುದರಿಂದ ಅವನು ಸುಮ್ಮನಿರುವಂತಿಲ್ಲ. ನಮ್ಮಲ್ಲಿಯಾದರೋ ವರ್ಷದ ಬಹುಭಾಗ ಬಿಸಿಲೇ. ಆ ಬಿಸಿಲಿನಲ್ಲಿ ಗಾಜಿನ ಸುತ್ತಲೂ ಬಾಗಿಲ ಸುತ್ತಲೂ ಇರುವ ರಬ್ಬರು ಮೆಲ್ಲಮೆಲ್ಲನೆ ಗಟ್ಟಿಯಾಗಿ, ತನ್ನ ಮೆತುವನ್ನು ಕಳೆದುಕೊಂಡು, ಮೂಲೆಗಳಲ್ಲಿ ಬಿರಿಯುವುದು. ಸೂರ್ಯನ ಬೆಳಕಲ್ಲದೆ ಗಾಳಿಯಲ್ಲಿ ಸ್ವಲ್ಪ ಪ್ರಮಾಣದಲ್ಲಿರುವ ಓಜೋನ್ ಎಂಬ ವಾಯುವೂ ರಬ್ಬರಿಗೆ ಶತ್ರು. ರಬ್ಬರು ಎಲ್ಲಿ ಎಳೆದು ಬಿಗಿಯಾಗಿರುವುದೋ ಅಲ್ಲಿಯೇ ಅದು ಮೊದಲು ಸೀಳುವುದು. ಗಾಜಿನ ಮೂಲೆಗಳಲ್ಲಿಯೇ ಬಿರುಕು ಹೆಚ್ಚಾಗಿ ಕಾಣುವುದಕ್ಕೆ ಕಾರಣವಿದು.

ಬಿಸಿಲಿನ ಜೊತೆಗೆ ಧೂಳು. ನಮ್ಮ ಎರೆಭೂಮಿಯ ಧೂಳು ಗಾಡಿಯ ನೀರುಗಂಡಿಗಳಲ್ಲಿ ಸೇರಿ, ಬೇವಿನ ಎಲೆ, ಹುಣಿಸೆಯ ಎಲೆಗಳೊಡನೆ ಕಲೆತು ಕೂತಿರುವುದು. ಎರೆಮಣ್ಣಿನ ಸ್ವಭಾವವನ್ನು ಬೇಸಾಯಗಾರರಿಗೆ ಹೇಳಬೇಕಾಗಿಲ್ಲ: ಒಣಗಿದಾಗ ಕುಗ್ಗಿ ಬಿರಿಯುವುದು, ನೀರು ಬಿದ್ದೊಡನೆ ಹಿಗ್ಗುವುದು. ಹೊಲಕ್ಕೆ ಒಪ್ಪುವ ಈ ಗುಣವು ಮೋಟಾರಿನ ತೂತಿಗೆ ಒಪ್ಪುವುದಿಲ್ಲ. ಬೇಸಗೆಯಲ್ಲಿ ಸಡಿಲವಾಗಿ ಬಿದ್ದಿದ್ದ ಧೂಳು, ನೀರು ಹೊರಗೆ ಹೋಗಬೇಕಾದ ಹೊತ್ತಿಗೆ ಸರಿಯಾಗಿ ಹಿಗ್ಗಿ ಗಂಡಿಯನ್ನು ಬಿರಡೆ ಹಾಕಿದಂತೆ ಮುಚ್ಚುವುದು. ಹೀಗೆ ತಿಂಗಳುಗಟ್ಟಲೆ ಸಿದ್ಧವಾದ ಕೇಡು ಹುಬ್ಬೆಯ ಅಥವಾ ಉತ್ತರೆಯ ಒಂದು ರಾತ್ರಿಯ ಮಳೆಯಲ್ಲಿ ಹೊರಬೀಳುವುದು. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚು ಮಳೆಯ ಕಾಲ. ದೊಡ್ಡ ಮಳೆ ಬರುವುದೇ ಇಲ್ಲವೆಂದು ನಂಬುವುದೂ ಸರಿಯಲ್ಲ. 1933ರಲ್ಲಿ ಕೋಡಿ ಬಿದ್ದ ವಾಣೀವಿಲಾಸ ಸಾಗರವು 89 ವರ್ಷಗಳ ತರುವಾಯ 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿದ್ದುದನ್ನು ನಮ್ಮ ಜನರು ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದಿರುವರಷ್ಟೆ.

ನೆನೆದ ಮ್ಯಾಟನ್ನು ಬಿಸಿಲಿಗೆ ಹಾಕಿದರಾಯಿತು, ಇದಕ್ಕೇಕೆ ಇಷ್ಟು ದೀರ್ಘವಾದ ವಿಚಾರವೆಂದು ಕೇಳಬಹುದು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800 ಮೊದಲಾದ ಗಾಡಿಗಳಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿಯಿಲ್ಲ. ತಳದ ತಗಡು, ಬಾಗಿಲ ಕೆಳಗಿನ ಹೊಸಿಲು, ಪಕ್ಕದ ಕಂಬಗಳು ಇವೆಲ್ಲ ಕೂಡಿಯೇ ಗಾಡಿಯ ಭಾರವನ್ನು ಹೊರುವುವು. ಮ್ಯಾಟಿನ ಕೆಳಗೆ ನಿಂತ ನೀರು ಹೊರಗಿನಿಂದ ಕಾಣದಂತೆ ಈ ಎಲುಬುಗಳನ್ನೇ ತಿನ್ನುವುದು. ಆಸನವನ್ನು ಬಿಗಿದಿರುವ ಬೋಲ್ಟಿನ ಸುತ್ತ ತುಕ್ಕು ಹಿಡಿದರೆ ಅದರ ಮೇಲೆ ಕುಳಿತ ಹೆಂಡತಿಮಕ್ಕಳ ಗತಿಯೇನೆಂಬುದನ್ನು ಯೋಚಿಸಬೇಕು. ಇದಲ್ಲದೆ ಸ್ವಂತ ಉಪಯೋಗದ ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ಹೊಸದು ಮಾಡಿಸಿಕೊಳ್ಳಬೇಕಾಗಿರುವುದರಿಂದ, ತಳವು ಗಟ್ಟಿಯಾಗಿರುವುದು ಕಾಯಿದೆಯ ದೃಷ್ಟಿಯಿಂದಲೂ ಅವಶ್ಯಕ. ಪದ್ಮಿನಿಯ ತಯಾರಿಕೆ ಸುಮಾರು 2000ದ ಹೊತ್ತಿಗೂ, ಅಂಬಾಸಡರ್, ಮಾರುತಿ 800ಗಳ ತಯಾರಿಕೆ 2014ರಲ್ಲಿಯೂ ನಿಂತುಹೋಗಿರುವುದರಿಂದ, ಕೆಟ್ಟ ತಗಡಿಗೆ ಬದಲು ತಗಡು ದೊರೆಯುವುದೂ ದಿನೇದಿನೇ ಕಷ್ಟವಾಗುತ್ತಿದೆ.

ವಿಷಯವು ಸ್ಪಷ್ಟವಾಗುವಂತೆ ಒಂದು ಗಾಡಿಯನ್ನು ಕಲ್ಪಿಸಿಕೊಳ್ಳೋಣ. ತುರುವನೂರಿನ ಒಂದು ಮನೆಯ ಅಂಗಳ. ಬೇವಿನ ಮರದ ಕೆಳಗೆ ತಂದೆಯ ಕಾಲದಿಂದ ಬಂದ ಬಿಳಿಯ ಅಂಬಾಸಡರ್. ಮದುವೆಯ ಸಾಮಾನುಗಳನ್ನು ಹೇರುವುದಕ್ಕೆಂದು ಮೇಲೊಂದು ಕ್ಯಾರಿಯರ್. ಉತ್ತರೆಯ ಮಳೆ ಹೊಡೆದ ಮರುದಿನ ಬೆಳಗ್ಗೆ ಮುಂದಿನ ಎಡಗಡೆಯ ಮ್ಯಾಟು ನೆನೆದಿದೆ. ಗಾಜುಗಳಿಗೆಲ್ಲ ಒಳಗಡೆಯಿಂದ ಮಂಜು ಕವಿದಿದೆ. ಬಾಗಿಲು ತೆಗೆದರೆ ಹಳೆಯ ಗೋಣಿಯ ಮುಗ್ಗಲು ವಾಸನೆ.

ಮೊದಲು ಕೇಳಬೇಕಾದುದು, ಇದು ಮಳೆಯ ನೀರೇ ಹೌದೋ ಎಂಬುದನ್ನು. ಮಳೆಯಿಲ್ಲದ ದಿನಗಳಲ್ಲಿಯೂ ಒದ್ದೆಯಾಗುವುದಾದರೆ, ತಂಪಿನ ಯಂತ್ರವಿರುವ ಗಾಡಿಯಲ್ಲಿ ಅದರ ನೀರು ಹೊರಹೋಗುವ ಕೊಳವೆ ಕಟ್ಟಿರಬಹುದು. ನೀರು ಬೆರಳಿಗೆ ಜಿಗುಟಾಗಿ, ಬಣ್ಣವಾಗಿ, ಸಿಹಿಯಾದ ವಾಸನೆಯುಳ್ಳದ್ದಾಗಿದ್ದರೆ ಅದು ರೇಡಿಯೇಟರಿನ ಕಡೆಯದು. ಅದನ್ನು ಬಾಯಿಗೆ ತಾಗಿಸಲಾಗದು, ವಿಷ. ಗಾಡಿ ನಿಂತಿದ್ದಾಗ ಒಣಗಿದ್ದು, ನೀರು ನಿಂತ ರಸ್ತೆಯಲ್ಲಿ ಓಡಿದ ಮೇಲೆ ಮಾತ್ರ ಒದ್ದೆಯಾಗುವುದಾದರೆ ಚಕ್ರವು ಎರಚಿದ ನೀರು ತಳದ ತೂತಿನಿಂದ ಮೇಲೇರುತ್ತಿದೆಯೆಂದು ತಿಳಿಯಬೇಕು. ಇಳಿಜಾರಿನಲ್ಲಿ ಮುಂಭಾಗ ಕೆಳಗಾಗಿ ನಿಲ್ಲಿಸಿದಾಗಲೇ, ಇಲ್ಲವೆ ಮೇಲಾಗಿ ನಿಲ್ಲಿಸಿದಾಗಲೇ ಸೋರುವುದೆಂಬುದನ್ನು ಗಮನಿಸಿದರೆ ಅರ್ಧ ಪತ್ತೆಯಾದಂತೆಯೇ ಸರಿ. ಈ ವಿಷಯಗಳನ್ನು ಮೆಕ್ಯಾನಿಕ್ ತಿಳಿಯಲಾರ. ಗಾಡಿಯೊಡನೆ ದಿನವೂ ಇರುವ ಮನೆಯವರೇ ತಿಳಿಯಬಲ್ಲರು.

ಆಮೇಲೆ ಒಣಗಿಸುವ ಕೆಲಸ. ಮ್ಯಾಟನ್ನು ಮಾತ್ರ ತೆಗೆದು ಸುಮ್ಮನಾಗಬಾರದು. ಅದರ ಕೆಳಗೆ ಸೆಣಬಿನ ಅಥವಾ ಕಂಬಳಿಯಂಥ ದಪ್ಪ ಹಾಸು ಇರುವುದು. ಮೇಲಿನ ಮ್ಯಾಟು ಒಣಗಿ ಗರಿಗರಿಯಾಗಿದ್ದರೂ ಇದು ಹಿಂಡಿದರೆ ನೀರು ಸುರಿಸುವಷ್ಟು ನೆನೆದಿರುವುದುಂಟು. ಮುಂದಿನ ಆಸನಗಳನ್ನು ಬಿಚ್ಚಿ, ಹಾಸನ್ನು ಹೊರಗೆ ತಂದು, ಎರಡು ಮೂರು ದಿನ ಒಳ್ಳೆಯ ಬಿಸಿಲಿನಲ್ಲಿ ತಿರುವಿ ಹಾಕಬೇಕು. ತಳದ ತಗಡನ್ನು ಬಟ್ಟೆಯಿಂದ ಒರೆಸಿ, ನಾಲ್ಕು ಬಾಗಿಲುಗಳನ್ನೂ ತೆರೆದಿಡಬೇಕು. ಒಣಗದ ಗಾಡಿಯಲ್ಲಿ ಹೊಸ ನೀರಾವುದು, ಹಳೆಯ ನೀರಾವುದು ಎಂದು ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ.

ಇನ್ನು ಪತ್ತೆ. ಇದಕ್ಕೆ ಇಬ್ಬರು ಬೇಕು: ಬ್ಯಾಟರಿಯ ದೀಪ ಹಿಡಿದು ಒಳಗೆ ಕೂರುವುದಕ್ಕೊಬ್ಬರು, ಹೊರಗೆ ನೀರು ಹೊಯ್ಯುವುದಕ್ಕೊಬ್ಬರು. ಒಳಗಿನ ತಗಡಿನ ಮೇಲೆ, ನೀರು ಹರಿದಿರಬಹುದೆಂದು ಸಂಶಯವಿರುವ ಕಡೆಗಳಲ್ಲೆಲ್ಲ, ಸೀಮೆಸುಣ್ಣವನ್ನು ಒತ್ತಿ ಉಜ್ಜಬೇಕು, ಇಲ್ಲವೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಬೇಕು. ಒಂದು ಹನಿ ಇಳಿದರೂ ಆ ಬಿಳುಪಿನ ಮೇಲೆ ಕಪ್ಪು ಗೆರೆ ಬೀಳುವುದು. ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿದರೆ ಕಳ್ಳನ ಮನೆ ಸಿಕ್ಕುವುದು. ನೀರನ್ನು ಒತ್ತಡದ ಪೈಪಿನಿಂದ ಹೊಡೆಯುವುದು ಒಳ್ಳೆಯದಲ್ಲ. ಅಷ್ಟು ಜೋರಾಗಿ ಹೊಡೆದರೆ ಮಳೆಗೆ ಸೋರದ ಸಂದುಗಳೂ ಸೋರಿ ದಾರಿ ತಪ್ಪಿಸುವುವು. ತಂಬಿಗೆಯೊಂದೇ ಸಾಕು. ಎರಡು ಮೂರು ಕೊಡ ನೀರಿನಲ್ಲಿ ಕೆಲಸವೆಲ್ಲ ಮುಗಿಯುವುದರಿಂದ ನಮ್ಮ ಸೀಮೆಗೆ ಈ ವಿಧಾನವೇ ಅನುಕೂಲ.

ಹೊಯ್ಯುವ ಕ್ರಮವೇ ಇಲ್ಲಿಯ ಮುಖ್ಯವಾದ ಗುಟ್ಟು. ಜನರು ಸಾಮಾನ್ಯವಾಗಿ ಗಾಡಿಯ ನೆತ್ತಿಯ ಮೇಲೆ ಸುರಿದುಬಿಡುವರು. ನೀರು ಎಲ್ಲ ಕಡೆಗೂ ಹರಿದು, ಎಲ್ಲಿ ಹೊಕ್ಕಿತೆಂಬುದು ತಿಳಿಯದೆ ಹೋಗುವುದು. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಬಾಗಿಲಿನ ಕೆಳಭಾಗ, ಅನಂತರ ಬಾಗಿಲ ಗಾಜು, ಆಮೇಲೆ ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವಿನ ತಗ್ಗು, ಗಾಜಿನ ಕೆಳಗಣ ಅಂಚು, ಮೇಲಣ ಅಂಚು, ಕಟ್ಟಕಡೆಗೆ ಮೇಲ್ಛಾವಣಿಯ ಸುತ್ತಲಿರುವ ನೀರಿನ ದೋಣಿ. ಒಂದೊಂದು ಸ್ಥಳದಲ್ಲಿಯೂ ಹತ್ತು ಹದಿನೈದು ನಿಮಿಷ ನಿಲ್ಲಬೇಕು, ಏಕೆಂದರೆ ಹನಿಯು ಕಂಬದೊಳಗೆ ತಿರುಗಾಡಿಕೊಂಡು ಬರುವುದಕ್ಕೆ ಅಷ್ಟು ಹೊತ್ತು ಹಿಡಿಯಬಹುದು. ತಾಳ್ಮೆ ಸಾಲದವರು ಈ ಕೆಲಸವನ್ನು ಮನೆಯ ಹಿರಿಯರಿಗೆ ಬಿಡುವುದು ಮೇಲು.

ನಮ್ಮ ಕಲ್ಪನೆಯ ಗಾಡಿಯಲ್ಲಿ ಬಾಗಿಲಿನಿಂದ ಏನೂ ಬರಲಿಲ್ಲವೆಂದಿಟ್ಟುಕೊಳ್ಳೋಣ. ಬಾನೆಟ್ಟಿನ ಹಿಂದಿನ ತಗ್ಗಿನಲ್ಲಿ ಹೊಯ್ದ ನೀರು ಹೋಗಬೇಕಾದಷ್ಟು ಬೇಗ ಹೋಗಲಿಲ್ಲ. ಬೇವಿನ ಎಲೆ ತುಂಬಿತ್ತು. ಎಲೆಗಳನ್ನು ಕೈಯಿಂದ ಎತ್ತಿದ ಮೇಲೆ ಸರಾಗವಾಗಿ ಇಳಿಯಿತು. ಅಷ್ಟಕ್ಕೇ ಮುಗಿಯಿತೆಂದು ಎದ್ದುಬಿಟ್ಟಿದ್ದರೆ ಮುಂದಿನ ಮಳೆಗೆ ಮ್ಯಾಟು ಮತ್ತೆ ನೆನೆಯುತ್ತಿತ್ತು. ಗಾಜಿನ ಅಂಚು ಮುಗಿಯಿತು, ಏನೂ ಇಲ್ಲ. ಕ್ಯಾರಿಯರಿನ ಮುಂದಿನ ಎಡಗಾಲು ದೋಣಿಯನ್ನು ಕಚ್ಚಿ ಹಿಡಿದಿರುವ ಸ್ಥಳಕ್ಕೆ ತಂಬಿಗೆಯಿಂದ ಸಣ್ಣಗೆ ಹೊಯ್ದಾಗ, ಎಂಟನೆಯ ನಿಮಿಷಕ್ಕೆ ಒಳಗಿದ್ದ ಹುಡುಗನು "ಅಪ್ಪಾ, ತಡಿ, ಬಂತು!" ಎಂದು ಕೂಗುವನು. ಸೀಮೆಸುಣ್ಣದ ಮೇಲೆ ಕಂಬದ ಬುಡದಿಂದ ಗೆರೆ ಇಳಿದಿದೆ. ಹೇರಿದ ಭಾರಕ್ಕೆ ಕ್ಯಾರಿಯರಿನ ಕಾಲು ದೋಣಿಯನ್ನು ಜಗ್ಗಿ, ತಗಡಿನ ಎರಡು ಪದರಗಳ ನಡುವಣ ಮೇಣವನ್ನು ಸೀಳಿತ್ತು. ಒದ್ದೆಯಾದದ್ದು ಪಾದದಡಿ, ರಂಧ್ರವಿದ್ದದ್ದು ತಲೆಯ ಮೇಲೆ.

ಬಾಗಿಲಿನ ವಿಚಾರದಲ್ಲಿ ಅನೇಕರಿಗೆ ಒಂದು ತಪ್ಪು ತಿಳಿವಳಿಕೆಯುಂಟು. ಬಾಗಿಲ ಟೊಳ್ಳಿನೊಳಕ್ಕೆ ಗಾಜಿನ ಪಕ್ಕದಿಂದ ನೀರು ಇಳಿಯುವುದು ದೋಷವಲ್ಲ. ಇಳಿಯುವುದೆಂದು ತಿಳಿದೇ ಕಟ್ಟುವವರು ತಳದಲ್ಲಿ ಸಣ್ಣ ಗಂಡಿಗಳನ್ನು ಬಿಟ್ಟಿರುವರು. ಆ ಗಂಡಿಗಳು ಧೂಳಿನಿಂದ ಮುಚ್ಚಿದಾಗ ನೀರು ಒಳಗೇ ನಿಲ್ಲುವುದು. ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಎಳನೀರು ಅಲ್ಲಾಡಿಸಿದಂತೆ ಸಪ್ಪಳವಾಗುವುದೇ ಇದರ ಗುರುತು. ತೆಂಗಿನ ಪೊರಕೆಯ ಕಡ್ಡಿಯಿಂದ ಗಂಡಿಗಳನ್ನು ಬಿಡಿಸಬೇಕು. ಕಬ್ಬಿಣದ ತಂತಿಯನ್ನು ಹಾಕಿದರೆ ಬಣ್ಣ ಕೆರೆದು ತುಕ್ಕಿಗೆ ದಾರಿಯಾಗುವುದು. ಅನೇಕ ಗಾಡಿಗಳಲ್ಲಿ ಬಾಗಿಲಿನ ಒಳಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆಯೂ ಇರುವುದು. ಗಾಜು ಇಳಿಸುವ ಹಿಡಿಯನ್ನು ಎಂದೋ ರಿಪೇರಿ ಮಾಡಿದವರು ಅದನ್ನು ಹರಿದು ಬಿಸಾಡಿದ್ದರೆ ನೀರು ಹೊಸಿಲನ್ನು ದಾಟಿ ಒಳಗೆ ಬರುವುದು. ಒಂದು ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ, ಕೆಳಗಣ ಅಂಚು ಬಾಗಿಲ ಟೊಳ್ಳಿನೊಳಕ್ಕೆ ಬೀಳುವಂತೆ ಅಂಟಿಸಿದರೆ ಸರಿಹೋಗುವುದು. ಬಾಗಿಲ ಸುತ್ತಣ ಬೀಡಿಂಗ್ ರಬ್ಬರು ಒತ್ತುತ್ತಿದೆಯೋ ಇಲ್ಲವೋ ನೋಡುವುದಕ್ಕೆ, ಒಂದು ಹತ್ತು ರೂಪಾಯಿಯ ನೋಟನ್ನು ನಡುವೆ ಇಟ್ಟು ಬಾಗಿಲು ಹಾಕಿ ಮೆಲ್ಲನೆ ಎಳೆಯಬೇಕು. ಬಿಗಿಯಾಗಿ ಬಂದರೆ ಒಳ್ಳೆಯದು. ಜಾರಿ ಬಂದರೆ ಆ ಸ್ಥಳದಲ್ಲಿ ರಬ್ಬರು ಸತ್ತಿದೆ.

ಮುಂದಿನ ಗಾಜಿನ ರಬ್ಬರಿನಲ್ಲಿ ಸಣ್ಣ ಸೋರಿಕೆಯಾದರೆ, ರಬ್ಬರಿನ ತುಟಿಯನ್ನು ಬಿದಿರಿನ ಮೊಂಡು ಸೀಳಿನಿಂದ ಎತ್ತಿ, ಒಳಗಣ ಧೂಳನ್ನು ತೆಗೆದು, ಒಣಗಿಸಿ, ಗಟ್ಟಿಯಾಗದೆ ಮೆತುವಾಗಿಯೇ ಉಳಿಯುವ ಸೀಲಂಟನ್ನು ತುಂಬಬೇಕು. ನೀರು ಗಾಜಿಗೂ ರಬ್ಬರಿಗೂ ನಡುವೆ ಬರಬಹುದು, ರಬ್ಬರಿಗೂ ತಗಡಿಗೂ ನಡುವೆಯೂ ಬರಬಹುದು. ಎರಡು ಕಡೆಯನ್ನೂ ನೋಡತಕ್ಕುದು. ಅಂಗಡಿಯಲ್ಲಿ ಅಗ್ಗವಾಗಿ ದೊರೆಯುವ, ಹುಳಿಯ ವಾಸನೆ ಹೊಡೆಯುವ ಸಿಲಿಕೋನನ್ನು ಮಾತ್ರ ತರಬಾರದು. ಅದು ಆರುವಾಗ ಅಸಿಟಿಕ್ ಆಮ್ಲವನ್ನು ಬಿಡುವುದು, ಎಂದರೆ ವಿನೆಗರಿನಲ್ಲಿರುವ ಹುಳಿಯೇ. ಕಬ್ಬಿಣದ ತಗಡಿಗೆ ಅದು ತುಕ್ಕನ್ನು ಹಿಡಿಸುವುದು. ಒಮ್ಮೆ ಮೆತ್ತಿದ ಮೇಲೆ ಆ ಜಾಗದಲ್ಲಿ ಬಣ್ಣವೂ ಹಿಡಿಯುವುದಿಲ್ಲ, ಮತ್ತೊಂದು ಸೀಲಂಟೂ ಹಿಡಿಯುವುದಿಲ್ಲ. ಡಾಂಬರನ್ನು ಬಳಿಯುವವರೂ ಇದ್ದಾರೆ. ಅದು ನಮ್ಮ ಚೈತ್ರ ವೈಶಾಖದ ಬಿಸಿಲಿಗೆ ಕರಗಿ ಇಳಿಯುವುದನ್ನು ಬಟ್ಟೆಯ ಮೇಲೆ ಕಲೆಯಾದವರು ಬಲ್ಲರು. ದೋಣಿಯ ಸೀಳಿಗೆ ಹಳೆಯ ಮೇಣವನ್ನು ಪೂರ್ತಿಯಾಗಿ ಕೆತ್ತಿ, ತುಕ್ಕನ್ನು ಉಜ್ಜಿ, ಪ್ರೈಮರು ಹಚ್ಚಿ, ತಗಡಿನ ಸಂದಿಗೆಂದೇ ಮಾಡಿದ ಸೀಲರನ್ನು ಹಾಕಿ, ಅದರ ಮೇಲೆ ಬಣ್ಣವನ್ನು ಕೊಡಬೇಕು. ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಮೇಣವು ಇಲ್ಲಿ ನಿಲ್ಲದು. ಗಾಡಿ ಓಡುವಾಗ ತಗಡು ಸ್ವಲ್ಪ ಸ್ವಲ್ಪ ಅಲುಗುವುದರಿಂದ ಅದು ಬಿರಿದು ಕಳಚುವುದು.

ರಬ್ಬರು ಪೂರ್ತಿಯಾಗಿ ಬಿರಿದಿದ್ದರೆ ಹೊಸದನ್ನೇ ಹಾಕಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಮೋಟಾರು ಸಾಮಾನಿನ ಅಂಗಡಿಗಳಲ್ಲಿ ಹುಡುಕುವವರು ಹಳೆಯದರ ಒಂದು ಗೇಣು ತುಂಡನ್ನು ಕತ್ತರಿಸಿ ಕೈಯಲ್ಲಿ ಹಿಡಿದು ಹೋಗಬೇಕು. ಬಾಯಿಮಾತಿನ ವರ್ಣನೆಯಿಂದ ಸರಿಯಾದ ಅಳತೆ ಸಿಕ್ಕುವುದಿಲ್ಲ. ಗಾಜನ್ನು ಕೂರಿಸುವ ಉಪಾಯವು ನೋಡುವುದಕ್ಕೆ ಬಹು ಸೊಗಸು. ಗಾಜಿನ ಸುತ್ತಲೂ ರಬ್ಬರನ್ನು ತೊಡಿಸಿ, ರಬ್ಬರಿನ ಹೊರಗಡೆಯ ಸೀಳಿನಲ್ಲಿ ಗಟ್ಟಿಯಾದ ನೂಲಿನ ಹುರಿಯನ್ನು ಸುತ್ತಲೂ ಕೂರಿಸಿ, ಅದರ ಎರಡು ತುದಿಗಳನ್ನೂ ಕೆಳಗೆ ಮಧ್ಯದಲ್ಲಿ ಒಂದರ ಮೇಲೊಂದು ಬರುವಂತೆ ಗಾಡಿಯ ಒಳಕ್ಕೆ ಬಿಡುವರು. ಸಾಬೂನಿನ ನೀರನ್ನು ಹಚ್ಚಿ, ಒಬ್ಬನು ಹೊರಗಿನಿಂದ ಅಂಗೈಯಲ್ಲಿ ಗಾಜನ್ನು ಒತ್ತುತ್ತಿರಲು, ಮತ್ತೊಬ್ಬನು ಒಳಗಿನಿಂದ ಹುರಿಯನ್ನು ಮೆಲ್ಲಮೆಲ್ಲನೆ ಎಳೆಯುವನು. ಹುರಿಯು ಬಿಡಿಸಿಕೊಂಡು ಬರುವಾಗ ರಬ್ಬರಿನ ಒಳತುಟಿಯು ತಗಡಿನ ಅಂಚನ್ನು ತಾನಾಗಿಯೇ ಹತ್ತಿ ಕೂರುವುದು. ಗಾಜನ್ನು ತೆಗೆದಿರುವಾಗಲೇ ಅದರ ಕೆಳಗಿನ ತಗಡಿನ ತುಕ್ಕನ್ನು ತೆಗೆಸಿ ಬಣ್ಣ ಹಾಕಿಸದೆ ಇದ್ದರೆ ಹೊಸ ರಬ್ಬರು ದಂಡ.

ಗಾಡಿ ಹೊಳೆಯಲೆಂದು ರಬ್ಬರಿಗೂ ಸೇರಿಸಿ ಡೀಸೆಲ್ಲಿನಿಂದಲೋ ಸೀಮೆಎಣ್ಣೆಯಿಂದಲೋ ಒರೆಸುವ ಪದ್ಧತಿಯು ನಮ್ಮಲ್ಲಿ ಬಹಳವಾಗಿದೆ. ಆ ದಿನಕ್ಕೆ ಕರಿಯ ಹೊಳಪು ಬರುವುದು ನಿಜ. ಆದರೆ ನೆಲದೊಳಗಿನ ಎಣ್ಣೆಗಳು ರಬ್ಬರನ್ನು ಉಬ್ಬಿಸಿ, ಸತ್ವಹೀನವಾಗಿ ಮಾಡುವುವು. ಗ್ಲಿಸರಿನನ್ನು ನೀರಿನೊಡನೆ ಬೆರಸಿ ಬಟ್ಟೆಯಲ್ಲಿ ತೆಳ್ಳಗೆ ಸವರಿದರೆ ಅಪಾಯವಿಲ್ಲ. ಹಿಂದಿನ ಕಾಲದಲ್ಲಿ ಬ್ರೇಕಿನ ಎಣ್ಣೆಗೆ ಹರಳೆಣ್ಣೆಯನ್ನು ಉಪಯೋಗಿಸುತ್ತಿದ್ದುದೂ ಅದು ರಬ್ಬರನ್ನು ಅಷ್ಟಾಗಿ ಕೆಡಿಸದೆಂಬ ಕಾರಣದಿಂದಲೇ.

ಡಿಕ್ಕಿಯೊಳಗಣ ನೀರಿನ ವಿಷಯ ಹೆಚ್ಚಾಗಿ ಹೇಳಬೇಕಾದುದಿಲ್ಲ. ಹಿಂದಿನ ದೀಪಗಳ ಹಿಂಬದಿಯ ರಬ್ಬರು, ಮುಚ್ಚಳದ ಸುತ್ತಣ ಬೀಡಿಂಗ್, ಇವೆರಡೇ ಬಹುತೇಕ ಕಾರಣ. ಆದರೆ ಇದನ್ನು ಪರೀಕ್ಷಿಸಲು ಮಕ್ಕಳನ್ನು ಡಿಕ್ಕಿಯೊಳಗೆ ಕೂರಿಸಿ ಮುಚ್ಚುವ ಹುಚ್ಚು ಸಾಹಸವನ್ನು ಯಾರೂ ಮಾಡಲಾಗದು. ಒಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸಿ, ಹೊರಗಿನಿಂದ ನೀರು ಹೊಯ್ದು, ಕಾಲು ಗಂಟೆಯ ಮೇಲೆ ತೆರೆದು ನೋಡಿದರೆ ಕಾಗದವೇ ಸಾಕ್ಷಿ ನುಡಿಯುವುದು.

ತಳದ ತಗಡು ಆಗಲೇ ತಿಂದುಹೋಗಿದ್ದರೆ ಟಿಂಕರಿಂಗ್ ಮಾಡುವವರ ಬಳಿಗೆ ಹೋಗದೆ ವಿಧಿಯಿಲ್ಲ. ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಕಡೆ ಕಂಚಿನಂತೆ ನುಡಿಯುವುದು, ಸತ್ತ ಕಡೆ ಮಡಕೆಯ ಚೂರಿನಂತೆ. ಸತ್ತ ತಗಡಿನ ಮೇಲೆಯೇ ಹೊಸ ತೇಪೆಯನ್ನು ಹಾಕಿಸಿಕೊಳ್ಳಬಾರದು. ಎರಡರ ನಡುವೆ ನೀರು ಸಿಕ್ಕಿಕೊಂಡು ಹೊಸದನ್ನೂ ತಿನ್ನುವುದು. ಕೊಳೆತದ್ದನ್ನು ಒಳ್ಳೆಯ ತಗಡು ಸಿಕ್ಕುವವರೆಗೆ ಕತ್ತರಿಸಿ ತೆಗೆದು, ಅದರ ಅಂಚಿಗೆ ಹೊಸದನ್ನು ಬೆಸೆಸಿ, ಮೇಲೂ ಕೆಳಗೂ ಪ್ರೈಮರು ಹಚ್ಚಿಸಬೇಕು. ಬೆಸುಗೆಯಿಡುವ ಮುನ್ನ ಹಾಸುಗಳನ್ನೆಲ್ಲ ಹೊರಗೆ ತೆಗೆಸಿ, ಬ್ಯಾಟರಿಯ ತಂತಿಯನ್ನು ಬಿಚ್ಚಿಸತಕ್ಕುದು. ಮೊದಲು ತಳದಲ್ಲಿ ರಬ್ಬರು ಬಿರಡೆಯಿದ್ದ ತೂತುಗಳನ್ನು ಹೊಸ ತಗಡಿನಲ್ಲಿಯೂ ಇಡಿಸಿ ಬಿರಡೆ ಹಾಕಿಸಬೇಕು. ಬೇಡದ ತೂತೆಂದು ಅದನ್ನು ಮುಚ್ಚಿಬಿಡುವುದು ಈ ಕೆಲಸಗಾರರಲ್ಲಿ ರೂಢಿ. ಇದೆಲ್ಲಕ್ಕೂ ಶ್ರಾವಣವೇ ತಕ್ಕ ಕಾಲ. ಹುಬ್ಬೆ ಹಿಡಿದ ಮೇಲೆ ಬಣ್ಣವೂ ಆರದು, ಸೀಲಂಟೂ ಕಚ್ಚದು.